ತಾರಿನಲ್ಲಿ ಯಾರೂ ಸಾಯುವುದಿಲ್ಲ

ಟೆಲಿಗ್ರಾಂ ಕಳಿಸುವ ತಾರ್ ಕಚೇರಿಯ ಜಗಲಿಯ ಮೇಲೆ ಕೂತವನಿಗೆ ನಗುವಂಥ ಪ್ರಸಂಗಗಳಿಗೆ ಬರವಿರಲಿಲ್ಲ. ವಾರಕ್ಕೊಂದಾದರೂ ಬರುತ್ತಿತ್ತು. ಕೆಟ್ಟದ್ದೇನೆಂದರೆ, ಅದು ಬಂದಾಗ ಯಾರಾದರೊಬ್ಬರು ಎದುರಿಗೆ ನಿಂತು ಅಳುತ್ತಿರುತ್ತಿದ್ದರು. ಅವರ ಮುಂದೆ ನಗುವಂತಿಲ್ಲ. ಮನೆಗೆ ಹೋಗಿ ನಗೋಣವೆಂದರೆ ಅಷ್ಟು ಹೊತ್ತಿಗೆ ನಗು ಆರಿಹೋಗಿರುತ್ತಿತ್ತು. ಹಾಗೆ ನಗದೆ ಉಳಿಸಿಕೊಂಡ ಕೆಲವನ್ನು ಈಗ ಬರೆಯುತ್ತಿದ್ದೇನೆ. ನಿಮಗೆ ನಗು ಬಂದರೆ ನಗಿ. ಬಾರದಿದ್ದರೆ ನನ್ನ ಮೇಲೆ ಸಿಟ್ಟಾಗಬೇಡಿ, ನನಗೂ ಬಂದಿರಲಿಲ್ಲ.

ಅದು ನಿಜಾಮರ ಕಾಲ. ನಮ್ಮ ಲಿಂಗಸುಗೂರಿನಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಉರ್ದು, ತಾರು ಮಾತ್ರ ಇಂಗ್ಲಿಷ್. ತಹಸೀಲಿನ ಮುಂದೆ ಉರ್ದುವಿನಲ್ಲಿ ಅರ್ಜಿ ಬರೆಯುವ ಮುನ್ಶಿಗಳು ಬೇಕಾದಷ್ಟು ಜನ ಕೂಡುತ್ತಿದ್ದರು. ಇಂಗ್ಲಿಷಿನಲ್ಲಿ ತಾರಿನ ಫಾರ್ಮು ತುಂಬುವವನು ನಾನೊಬ್ಬನೇ. ನನಗೆ ಇಂಗ್ಲಿಷ್ ಬರುತ್ತಿತ್ತು ಎಂದು ಯಾರೂ ತಿಳಿಯಬಾರದು. ಬೇರೆಯವರಿಗೆ ಅಷ್ಟೂ ಬರುತ್ತಿರಲಿಲ್ಲ, ಅಷ್ಟೇ.

ತಾರ್ ಮಾಸ್ತರರು ಮದರಾಸಿನ ಕಡೆಯವರು, ಕಟ್ಟುನಿಟ್ಟಿನ ಮನುಷ್ಯ. ನಾನು ಜಗಲಿಯ ಮೇಲೆ ಕೂತ ಮೊದಲ ದಿನವೇ ಒಂದು ಹಾಳೆಯ ಮೇಲೆ ಎಂಟು ಹತ್ತು ಇಂಗ್ಲಿಷ್ ಮಾತುಗಳನ್ನು ಬರೆದು ಕೊಟ್ಟರು. ಎಲ್ಲಕ್ಕೂ ಮೇಲಿದ್ದದ್ದು ‘ಸೀರಿಯಸ್ಲಿ ಇಲ್’. ಅವರು ಉರ್ದು, ಇಂಗ್ಲಿಷ್, ತಮ್ಮೂರಿನ ಮಾತು ಎಲ್ಲ ಕಲಸಿ ಆಡುತ್ತಿದ್ದರು. ನಾನು ಅದನ್ನು ಕನ್ನಡಕ್ಕೆ ಇಳಿಸಿ ಹೇಳುತ್ತೇನೆ.

“ಕಾಯಿಲೆ ಬಹಳ ಜೋರಾಗಿರಬೇಕು, ಮನುಷ್ಯ ಬದುಕಿರಬೇಕು. ಎರಡೂ ಇದ್ದರೆ ಮಾತ್ರ ಇದನ್ನು ಬರಿ. ನೆಗಡಿಗೆ ಬರೆಯಬೇಡ, ಹೆಣಕ್ಕೂ ಬರೆಯಬೇಡ. ಇಂಗ್ಲಿಷ್ ಮಾತನ್ನು ಅದರ ಜಾಗದಲ್ಲಿಯೇ ಇಡಬೇಕು.”

“ಹೂಂ ರೀ” ಅಂದೆ. ಆಮೇಲೆ ಆ ಮಾತನ್ನು ಎಷ್ಟು ಸಲ ಬರೆದೆನೋ ನನಗೇ ನೆನಪಿಲ್ಲ. ಅದರ ಜಾಗದಲ್ಲಿ ಇಟ್ಟದ್ದು ಒಂದೇ ಸಲ.

ಜಗಲಿಯ ಮೇಲೆ ನರಳಿದ್ದು

ಮಸ್ಕಿಯಲ್ಲಿ ಒಬ್ಬ ಮುದುಕಿ ಇದ್ದಳು. ಯಾರ ಮನೆಯಲ್ಲಿ ಸಾವಾದರೂ ಹಾಡಿಕೊಂಡು ಅಳಲು ಅವಳೇ ಬೇಕು. ಅವಳು ಬಂದು ದನಿ ಎತ್ತಿದ ಮೇಲೆಯೇ ಉಳಿದ ಹೆಂಗಸರು ಬಾಯಿ ತೆರೆಯುತ್ತಿದ್ದರು. ಸತ್ತವನು ಎಂಥ ಜಿಪುಣನಾಗಿದ್ದರೂ ಅವಳ ಹಾಡಿನಲ್ಲಿ ದಾನಶೂರನಾಗಿ ಹೋಗುತ್ತಿದ್ದ. ಅವಳಿಗೆ ಒಬ್ಬನೇ ಮಗ. ಅವನು ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ.

ಆ ಗಿರಣಿಯ ಸಾಹೇಬ ಮದುವೆಗೆ ರಜೆ ಕೊಡುತ್ತಿರಲಿಲ್ಲ, ಹಬ್ಬಕ್ಕೆ ಕೊಡುತ್ತಿರಲಿಲ್ಲ. ತಾಯಿಯೋ ತಂದೆಯೋ ಸಾಯುವ ಹಾಗಿದ್ದಾರೆ ಎಂದು ತಾರು ಬಂದರೆ ಮಾತ್ರ ಕೊಡುತ್ತಿದ್ದ. ಹೀಗಾಗಿ ನಮ್ಮ ಕಡೆ ಯಾರ ಮನೆಯಲ್ಲಾದರೂ ಹೆಣ್ಣು ಗೊತ್ತಾದರೆ, ಹಂದರ ಹಾಕುವ ಮೊದಲು ನನ್ನ ಹತ್ತಿರ ಬಂದು ತಾಯಿಯನ್ನು ಹಾಸಿಗೆ ಹಿಡಿಸುತ್ತಿದ್ದರು.

ಮುದುಕಿಯೂ ಅದಕ್ಕೇ ಬಂದಿದ್ದಳು.

“ತಮ್ಮಾ, ಮಗಳ ಮದುವಿ ಕೂಡೇತಿ. ನಾ ಸಾಯಾಕತ್ತೀನಿ ಅಂತ ಮಗಗ ಬರಿ,” ಅಂದಳು. ಬಾಯಿ ತುಂಬ ಎಲೆಅಡಿಕೆ. “ಇದು ಸುಳ್ಳು ತಾರು, ಹೆಂಗರ ಬರಿ. ಖರೇ ತಾರು ಬ್ಯಾರೆ ಐತಿ, ಅದನ್ನ ನಾ ಬಿದ್ದಾಗ ಬರಸ್ತೀನಿ. ಅವತ್ತು ಮಾತ್ರ ಚಲೋ ನೋಡಿ ಬರಿಯಪಾ. ನನ್ನ ಬಾಯಾಗ ಕಡೀ ನೀರು ನನ್ನ ಮಗನ ಕೈಲೇನ ಬೀಳಬೇಕು. ಬ್ಯಾರೆ ಏನೂ ಬ್ಯಾಡ ನನಗ.”

“ಆಗಲಿ ಬಿಡಬೇ,” ಎಂದು ಫಾರ್ಮು ತುಂಬಿ ಕಿಟಕಿಯಲ್ಲಿ ಕೊಟ್ಟೆ. ಮಾಸ್ತರರು ಓದಿ, “ರೋಗಿ ಯಾರು?” ಅಂದರು.

“ನಾನ ರೀ,” ಅಂದಳು ಮುದುಕಿ.

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವಳು ಬಂದ ಗಾಡಿಯಿಂದ ಜೋಳದ ಚೀಲವನ್ನು ಒಬ್ಬಳೇ ಇಳಿಸಿದ್ದನ್ನು ಅವರು ಆಗಲೇ ಕಿಟಕಿಯಿಂದ ಕಂಡಿದ್ದರು. “ಈಕೆ ಸೀರಿಯಸ್ಲಿ ಇಲ್ ಅಲ್ಲ. ನನಗಿಂತ ಗಟ್ಟಿಯಾಗಿದ್ದಾಳೆ. ಇದು ನನ್ನ ಕೈಯಿಂದ ಹೋಗುವುದಿಲ್ಲ,” ಎಂದು ಫಾರ್ಮನ್ನು ತಿರುಗಿ ಕೊಟ್ಟರು.

“ಏನಂತಾರ?” ಅಂದಳು ಮುದುಕಿ.

“ನಿನಗ ಏನೂ ಆಗಿಲ್ಲಂತ. ನೆಲಾ ಹಿಡದು ನರಳವರಿಗೆ ಮಾತ್ರ ಕಳಸ್ತಾರಂತ.”

“ಅಷ್ಟ ಹೌದಲ್ಲೊ?” ಎಂದವಳೇ ಎಲೆಅಡಿಕೆಯನ್ನು ಮೋರಿಗೆ ಉಗುಳಿ, ಸೆರಗು ಸಿಕ್ಕಿಸಿ, ಜಗಲಿಯ ಮೇಲೆ ಉದ್ದಕ್ಕೆ ಮಲಗಿ ದನಿ ಎತ್ತಿದಳು. ಆ ದನಿಯ ಬಗ್ಗೆ ನಾನು ಕೇಳಿದ್ದೆ, ದನಿಯನ್ನು ಕೇಳಿರಲಿಲ್ಲ. ತಹಸೀಲಿನ ಜವಾನರು ತಂಬಿಗೆಯಲ್ಲಿ ನೀರು ಹಿಡಿದು ಓಡಿ ಬಂದರು. ಕೋರ್ಟಿನ ಕಟ್ಟೆಯ ಮೇಲೆ ಜಗಳಾಡುತ್ತಿದ್ದ ಅಣ್ಣತಮ್ಮಂದಿರು ಜಗಳ ಬಿಟ್ಟು ಬಂದು ಒಟ್ಟಿಗೆ ನಿಂತರು. ಗುರುತಿಲ್ಲದ ಇಬ್ಬರು ಹೆಂಗಸರು ಅವಳ ಕಾಲ ಬುಡದಲ್ಲಿ ಕೂತು ತಾವೂ ಅಳತೊಡಗಿದರು. ಮಾಸ್ತರರ ಮುಖ ಬಿಳಿಚಿಹೋಯಿತು. ನನ್ನ ಕೈಯಿಂದ ಫಾರ್ಮು ಕಿತ್ತುಕೊಂಡು ಒಳಗೆ ಹೋಗಿ ಕಟಕಟ ಬಡಿಯತೊಡಗಿದರು.

ಕಟಕಟ ನಿಂತಿತು. ಮುದುಕಿ ಒಂದು ಕಣ್ಣು ತೆರೆದು ನನ್ನನ್ನು ಕೇಳಿದಳು: “ಹೋತೇನಪಾ? ಹೋಗದಿದ್ರ ಹೇಳು, ಇನ್ನೊಂದೀಟು ನರಳ್ತೀನಿ.”

ಸ್ವಲ್ಪ ಕೆಳಗೆ

ಮಾಸ್ತರರ ಇನ್ನೊಂದು ತಕರಾರು ಹೆಣದ್ದು. ನಮ್ಮ ಕಡೆ ತಾರಿನಲ್ಲಿ ಯಾರೂ ಸಾಯುವುದಿಲ್ಲ. ಪರವೂರಿನಲ್ಲಿ ಒಬ್ಬನೇ ಇರುವವನಿಗೆ ‘ನಿಮ್ಮಪ್ಪ ಸತ್ತ’ ಎಂದು ಬರೆದರೆ ಅವನು ನಿಂತಲ್ಲೇ ಎದೆ ಒಡೆದುಕೊಂಡಾನು, ರೈಲು ಹತ್ತುವುದು ಹೇಗೆ? ಅದಕ್ಕೇ ಸತ್ತವರೆಲ್ಲ ತಾರಿನಲ್ಲಿ ಸೀರಿಯಸ್ಲಿ ಇಲ್. ಓದಿದವನಿಗೆ ತಿಳಿಯುತ್ತದೆ. ತಿಳಿದರೂ ಮನೆಯ ಬಾಗಿಲು ಮುಟ್ಟುವ ತನಕ ಅಪ್ಪ ಇರಬಹುದು ಎಂಬ ಒಂದು ಎಳೆ ಆಸೆ ಅವನ ಕೈಯಲ್ಲಿ ಇರುತ್ತದೆ. ಇದರಲ್ಲಿ ತಪ್ಪೇನಿದೆ ಎಂದು ನಾನು. ಇಂಗ್ಲಿಷ್ ತಪ್ಪಿದೆ ಎಂದು ಮಾಸ್ತರರು.

ಸಿಂಧನೂರಿನ ಒಂದು ದೊಡ್ಡ ಮನೆಯ ಯಜಮಾನರು ತೀರಿಕೊಂಡರು. ಮಕ್ಕಳು ಬಂದು ಹೈದರಾಬಾದಿನಲ್ಲಿದ್ದ ಅಳಿಯನಿಗೆ ತಾರು ಬರೆಸಿದರು. ನಾನು ಎಂದಿನಂತೆ ಬರೆದೆ. ಆದರೆ ಆ ಅಳಿಯ ನಮ್ಮ ಕಡೆಯವನಲ್ಲ. ಶಹರದಲ್ಲಿ ಹುಟ್ಟಿ ಬೆಳೆದು ದೊಡ್ಡ ಇಂಗ್ಲಿಷ್ ಓದಿದವನು. ಬರೆದದ್ದನ್ನು ಬರೆದ ಹಾಗೆಯೇ ನಂಬುವ ಮನುಷ್ಯ. ಮುಂದೆ ನಡೆದದ್ದನ್ನು ನನಗೆ ಹೇಳಿದವನು ಅವನನ್ನು ಕರೆತಂದ ಬಾಡಿಗೆ ಮೋಟಾರಿನ ಡ್ರೈವರ್.

ಅಳಿಯ ತಾರು ಓದಿದವನೇ ಒಬ್ಬ ದೊಡ್ಡ ಡಾಕ್ಟರನ್ನು ಕಟ್ಟಿಕೊಂಡು ರೈಲು ಹತ್ತಿದನಂತೆ. ರಾಯಚೂರಿನಲ್ಲಿ ಮೋಟಾರು ಹಿಡಿದರು. ಔಷಧದ ಪೆಟ್ಟಿಗೆ, ಜ್ವರದ ತಲೆಯ ಮೇಲಿಡಲು ಮರದ ಹೊಟ್ಟಿನಲ್ಲಿ ಸುತ್ತಿದ ಬರ್ಫದ ಗಡ್ಡೆ. ಮಳೆಗಾಲ, ಎರಿ ಮಣ್ಣು. ಎರಡು ಕಡೆ ಮೋಟಾರು ಹುಗಿದು, ಡಾಕ್ಟರರೂ ಬೂಟು ಕಳಚಿ ನೂಕಬೇಕಾಯಿತು. ಅಷ್ಟಾದರೂ ಅಳಿಯ, “ಬೇಗ, ಬೇಗ, ಜೀವ ಉಳಿಸಬೇಕು,” ಅನ್ನುತ್ತಲೇ ಇದ್ದನಂತೆ.

ಸಿಂಧನೂರು ಮುಟ್ಟಿದಾಗ ಮೂರನೆಯ ದಿನ. ಮನೆಯವರೆಲ್ಲ ಮಣ್ಣು ಮಾಡಿದಲ್ಲಿ ಹಾಲು ಬಿಡಲು ಹೊಲಕ್ಕೆ ಹೋಗಿದ್ದರು. ಮೋಟಾರು ಸೀದಾ ಅಲ್ಲಿಗೇ ಹೋಯಿತು. ಡಾಕ್ಟರರು ಕೆಸರು ಕಾಲಲ್ಲಿ ಇಳಿದು, ಪೆಟ್ಟಿಗೆ ತೆರೆದು, ಕೊರಳಿಗೆ ನಳಿಗೆ ಹಾಕಿಕೊಂಡು, “ರೋಗಿ ಎಲ್ಲಿ?” ಎಂದು ಕೇಳಿದರು.

ಹಿರಿಯ ಮಗ ಬಹಳ ಮರ್ಯಾದಸ್ಥ. ದೂರದಿಂದ ಬಂದವರಿಗೆ ಬೇಸರ ಮಾಡಬಾರದೆಂದು ಕೈಮುಗಿದು ಹಸಿ ಮಣ್ಣಿನ ಕಡೆ ನೋಡಿದ. “ಇಲ್ಲೇ ಅದಾರ್ರೀ,” ಅಂದ. “ಸ್ವಲ್ಪ ಕೆಳಗ.”

ಪೇಡೆಯ ಪೊಟ್ಟಣ

ಮಸ್ಕಿಯ ಮುದುಕಿಯ ಗಂಡ ತೀರಿಕೊಂಡಾಗ ತಾರು ಬರೆಸಲು ಬಂದವನು ಅವಳ ಅಳಿಯ. ಸಾಧು ಮನುಷ್ಯ, ಕುರಿ ಸಾಕಿಕೊಂಡಿದ್ದವನು. ಸರ್ಕಾರಿ ಕಟ್ಟಡ ಕಂಡರೆ ಹೊರಗೇ ಚಪ್ಪಲಿ ಬಿಟ್ಟು ಬರುವಂಥವನು.

ಮಾಸ್ತರರು ಈ ಸಲ ಎದ್ದೇ ನಿಂತರು. “ಸಿಂಧನೂರಿನಲ್ಲಿ ಆದದ್ದು ಸಾಲದೇ? ಸತ್ತಿದ್ದಾನೆ, ಸತ್ತ ಅಂತಲೇ ಬರಿ.”

ಅಳಿಯ ನನ್ನ ಕೈ ಹಿಡಿದುಕೊಂಡ. “ಬ್ಯಾಡ್ರೀ ಮುನಸಿಯವರ. ಒಬ್ಬನ ಅದಾನ ಅಲ್ಲಿ. ಯಾವಾಗಿನಂಗ ಬರೀರಿ.” ನಾನು ಯಾವಾಗಿನಂತೆ ಬರೆದೆ.

ಸೊಲ್ಲಾಪುರದಲ್ಲಿ ಮಗ ಈ ಮಾತಿನ ಮೇಲೆ ಆಗಲೇ ಒಂದು ಮದುವೆ ಉಂಡಿದ್ದವನು. ಗಿರಣಿಯ ಕಾರಕೂನ ತಾರನ್ನು ಓದಿ, “ನಿಮ್ಮಪ್ಪ ಸೀರಿಯಸ್ ಇದ್ದಾನೆ,” ಅಂದಾಗ ಮುಖ ಬಾಡಿಸಿಕೊಂಡು ರಜೆ ತೆಗೆದುಕೊಂಡ. ಬಾಗಿಲ ಹೊರಗೆ ಬಂದದ್ದೇ ಗೆಳೆಯರಿಬ್ಬರನ್ನು ಕೂಗಿ, “ಬರ್ರಿ, ನಮ್ಮೂರಾಗ ಹೋಳಿಗಿ ಊಟ ಐತಿ,” ಅಂದ. ಜರಿ ರುಮಾಲು ಸುತ್ತಿದ. ದೊಡ್ಡದೊಂದು ಪೇಡೆಯ ಪೊಟ್ಟಣ ಕಟ್ಟಿಸಿದ.

ಮಸ್ಕಿಯಲ್ಲಿ ಮೋಟಾರಿನಿಂದ ಇಳಿದು, ಓಣಿಯ ತುದಿಯಿಂದಲೇ, “ಈ ಸಲ ಯಾರ ಮದುವಿ ಬೇ?” ಎಂದು ಕೂಗುತ್ತ ಬಂದನಂತೆ. ಮನೆಯ ಮುಂದೆ ಬಂದರೆ ಅಂಗಳದ ತುಂಬ ಹೆಂಗಸರು, ನಡುವೆ ತಾಯಿ. ಮಣ್ಣು ಮಾಡಿ ಎರಡು ದಿನವಾಗಿತ್ತು. ಅವಳು ಮಗನನ್ನು ಕಂಡಳು. ಹಾಡು ನಿಲ್ಲಿಸಲಿಲ್ಲ, ಮಗ ಬಂದದ್ದನ್ನೂ ಅದರೊಳಗೇ ಸೇರಿಸಿಕೊಂಡಳು.

“ಮಗಾ ಬಂದಾನ ಏಳೋ ನನ ದೊರಿಯೇ, ಜರಿಯ ರುಮಾಲ ಸುತ್ಯಾನ ಏಳೋ. ಪೇಡೇ ತಂದಾನ ಏಳೋ ನನ ದೊರಿಯೇ, ಒಂದರೆ ಕಚ್ಚಿ ನೋಡೋ…”

ಗೆಳೆಯರಿಬ್ಬರಿಗೆ ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸಾವಿನ ಮನೆಯಲ್ಲಿ ಸಿಹಿಯನ್ನು ಕೆಳಗಿಡುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಸಂಜೆಯ ತನಕ ಒಬ್ಬರ ಕೈಯಿಂದ ಒಬ್ಬರಿಗೆ ಬದಲಿಸಿಕೊಳ್ಳುತ್ತ ನಿಂತಿದ್ದರಂತೆ. ಆ ತಾರನ್ನು ಬರೆದ ಕೈ ನನ್ನದು.

ತಿರುಗಿ ಹೋಗುವಾಗ ಮಗ ಲಿಂಗಸುಗೂರಿಗೆ ಬಂದು ನನ್ನ ಮುಂದೆ ಕೂತ. ಕಣ್ಣು ಕೆಂಪಗಾಗಿದ್ದವು.

“ಹೋದ ಸಲದ್ದು ಸುಳ್ಳಿತ್ತು. ಈ ಸಲದ್ದೂ ಸುಳ್ಳಂತ ತಿಳದು ನಕ್ಕೋಂತ ಬಂದ್ನಿರಿ. ಅಪ್ಪನ ಮಣ್ಣಿಗಿ ಪೇಡೇ ತಂದಂವ ನಾನೊಬ್ಬನ ಇರಬೇಕು.”

“ಈ ಸಲದ್ದೂ ಸುಳ್ಳೇ ಇತ್ತಪಾ,” ಅಂದೆ. “ಆರಾಮಿಲ್ಲ ಅಂತ ಬರದಿದ್ದೆ. ಆರಾಮಿಲ್ಲದ್ದು ಹಿಂದಿನ ದಿನಾನ ಮುಗದಿತ್ತು.”

ಅವನು ಎದ್ದು ರುಮಾಲು ಕೊಡವಿ, “ಹಂಗಾರ ಇನ್ನ ಮ್ಯಾಲೆ ನಿಮ್ಮ ತಾರು ಬಂದ್ರ ಓದ್ಸಾಕ ಹೋಗೂದಿಲ್ರಿ,” ಅಂದ. “ಸೀದಾ ಅಳಾಕ ಚಾಲೂ ಮಾಡ್ತೀನಿ.”

ಉಂಡ ಮೇಲೆ ಓದ್ರಿ

ಅವನೊಬ್ಬನೇ ಅಲ್ಲ, ಊರಿಗೆ ಊರೇ ಹಾಗಾಗಿತ್ತು. ಸಾವಿನ ಸುದ್ದಿ ಕಿವಿಗೆ ಬಿದ್ದ ಕ್ಷಣದಿಂದ ಸೂತಕ. ಮಾಡಿದ ಅಡಿಗೆ ಚೆಲ್ಲಬೇಕು, ಒಲೆ ಹೊತ್ತಿಸುವಂತಿಲ್ಲ. ಇದನ್ನು ತಿಳಿದವರು ತಾರಿನ ಜವಾನನ ಸೈಕಲ್ಲು ಕಂಡರೆ ಏನು ಮಾಡುತ್ತಿದ್ದರು ಎಂಬುದನ್ನು ನಾನೇ ಒಮ್ಮೆ ನೋಡಿದೆ.

ಏನೋ ಕೆಲಸಕ್ಕೆ ಮಸ್ಕಿಗೆ ಹೋಗಿದ್ದೆ. ತಾರಿನ ಜವಾನ ದಾರಿಯಲ್ಲಿ ಸಿಕ್ಕು, ಒಬ್ಬ ಒಕ್ಕಲಿಗನ ಮನೆಗೆ ತಾರಿದೆ, ಓದಿ ಹೇಳಿ ಎಂದು ಕರೆದುಕೊಂಡು ಹೋದ. ನಡು ಮಧ್ಯಾಹ್ನ. ಹೊಸ್ತಿಲಲ್ಲಿ ನಿಂತರೆ ಒಳಗಿನಿಂದ ಬದನೆಯ ಎಣಗಾಯಿಯ ವಾಸನೆ, ರೊಟ್ಟಿ ಬಡಿಯುವ ಸಪ್ಪಳ. ಜವಾನನನ್ನು ಕಂಡದ್ದೇ ರೊಟ್ಟಿಯ ಸಪ್ಪಳ ನಿಂತಿತು.

ಯಜಮಾನ ಕೈ ಅಡ್ಡ ಹಿಡಿದ. “ಬಾಯಿ ತಗೀಬ್ಯಾಡ್ರಿ. ಉಂಡ ಮ್ಯಾಲೆ ಓದ್ರಿ.”

ನಮ್ಮನ್ನೂ ಒಳಗೆ ಕರೆದು ಸಾಲಿಗೆ ಕೂಡಿಸಿದರು. ತಾರು ಜವಾನನ ತೊಡೆಯ ಮೇಲೆ. ಮನೆಯವರೆಲ್ಲ ಸರಸರ ಉಣ್ಣುತ್ತಿದ್ದರು. ಯಜಮಾನನ ಅಣ್ಣ ಮೊಕದ್ದಮೆಗೆಂದು ಹೈದರಾಬಾದಿಗೆ ಹೋಗಿದ್ದನಂತೆ. ನಡುವೆ ಒಮ್ಮೆ ಯಜಮಾನ ತುತ್ತು ಹಿಡಿದುಕೊಂಡೇ, “ನಮ್ಮಣ್ಣಗ ಎಣಗಾಯಿ ಅಂದ್ರ ಜೀವ,” ಅಂದ. ಕಣ್ಣಲ್ಲಿ ನೀರು ತುಂಬಿತು. ಮತ್ತೆ ಎರಡು ಹಾಕಿಸಿಕೊಂಡ.

ಕೈ ತೊಳೆದದ್ದಾಯಿತು. ಅಣ್ಣನ ಹೆಂಡತಿ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತು ಕೂದಲು ಬಿಚ್ಚಿ ಇಳಿಬಿಟ್ಟಳು. “ಈಗ ಓದ್ರಿ,” ಅಂದ ಯಜಮಾನ. ಒಡೆದು ಓದಿದೆ. ಸುಖವಾಗಿ ಬಂದು ಮುಟ್ಟಿದ್ದೇನೆ, ಅಷ್ಟೇ.

ಯಾರಿಗೂ ನಂಬಿಕೆ ಬರಲಿಲ್ಲ. ಎರಡನೆಯ ಸಲ ಓದಿಸಿದರು. ಅಣ್ಣನ ಹೆಂಡತಿ ಕೂದಲು ಗಂಟು ಹಾಕಿಕೊಳ್ಳುತ್ತ, ನನ್ನ ಮೇಲೆಯೇ ಸಂಶಯದ ಕಣ್ಣಿಟ್ಟು ಕೇಳಿದಳು: “ಜೀವಂತ ಇದ್ದವರು ತಾರು ಯಾಕ ಕಳಸ್ತಾರ್ರೀ?”

ಸೊಲ್ಲಾಪುರದಾಗ ಸತ್ತು, ಮಸ್ಕ್ಯಾಗ ಬದುಕಿ

ಮುಂದಿನ ವರ್ಷ ಮುದುಕಿ ನಿಜವಾಗಿಯೂ ಬಿದ್ದಳು. ಅಳಿಯ ಬಂದು ಜಗಲಿಯ ಕೆಳಗೆ ನಿಂತ.

“ಅತ್ತಿ ಮಲಗ್ಯಾಳ್ರಿ. ಎಂಟು ದಿನಾತು, ಕೂಳು ಸೇರವಲ್ದು. ‘ಖರೇ ತಾರು ಬರಸ್ಕೊಂಡು ಬಾ, ಮಗನ್ನ ನೋಡ್ಬೇಕು’ ಅಂತ ಹೇಳಿ ಕಳಿಸ್ಯಾಳ.”

ಕಿಟಕಿಯಿಂದ ಮಾಸ್ತರರ ಪ್ರಶ್ನೆಗಳು ಶುರುವಾದವು. ಸತ್ತಿದ್ದಾಳೆಯೇ? ಇಲ್ಲ. ಮನೆಯಲ್ಲಿ ಯಾರದಾದರೂ ಮದುವೆ ಇದೆಯೇ? ಇಲ್ಲ. ಎದ್ದು ಓಡಾಡುತ್ತಾಳೆಯೇ? ಕೂಡಲಿಕ್ಕೂ ಆಗುವುದಿಲ್ಲ. ಮಾಸ್ತರರ ಮುಖ ಅರಳಿತು. ಅರಳಿದ್ದಕ್ಕೆ ಅವರಿಗೇ ನಾಚಿಕೆಯಾಗಿ ಕೆಮ್ಮಿದರು. ತಾವೇ ಹೊರಗೆ ಬಂದು, ನಾನು ಬರೆಯುವುದನ್ನು ಹಿಂದೆ ನಿಂತು ನೋಡಿದರು. ಇಷ್ಟು ವರ್ಷಕ್ಕೆ ಆ ಮಾತು ತನ್ನ ಜಾಗದಲ್ಲಿ ಕೂತಿತ್ತು.

ನನಗೆ ಮಾತ್ರ ಮಗ ಆಡಿ ಹೋದ ಮಾತು ತಲೆಯಲ್ಲಿತ್ತು. “ಇನ್ನೂ ಬದುಕಿದ್ದಾಳೆ ಅಂತ ಸೇರಿಸಲೇ?” ಎಂದು ಕೇಳಿದೆ.

“ಸೀರಿಯಸ್ಲಿ ಇಲ್ ಅಂದರೇನೇ ಬದುಕಿದ್ದಾಳೆ ಎಂದರ್ಥ. ಹೇಳಿದ್ದನ್ನೇ ಎರಡು ಸಲ ಹೇಳುವುದು ಒಳ್ಳೆಯ ಇಂಗ್ಲಿಷ್ ಅಲ್ಲ,” ಅಂದರು ಮಾಸ್ತರರು.

ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತು. ಇದೊಂದನ್ನು ಯಾರ ಮೇಲೂ ಹಾಕುವಂತಿಲ್ಲ, ತಪ್ಪು ನನ್ನದೇ.

ಗಿರಣಿಯಲ್ಲಿ ಮಗ ತನ್ನ ಮಾತಿನಂತೆ ನಡೆದುಕೊಂಡ. ತಾರು ಬಂದಿದೆ ಎಂದದ್ದೇ ನೆಲಕ್ಕೆ ಕುಕ್ಕರಿಸಿ, “ನಮ್ಮವ್ವ ಹೋದ್ಲು,” ಎಂದು ಬಾಯಿ ಬಡಿದುಕೊಂಡ. ಸಾಹೇಬನೂ ನಮ್ಮ ಕಡೆಯ ತಾರುಗಳನ್ನು ಸಾಕಷ್ಟು ಕಂಡವನು. ಸೀರಿಯಸ್ ಎಂದು ಓದಿದರೂ ರಜೆಯ ಪುಸ್ತಕದಲ್ಲಿ ‘ತಾಯಿಯ ಮರಣ’ ಎಂದೇ ಬರೆದು ಎಂಟು ದಿನ ಕೊಟ್ಟ.

ಮಗ ಬಂದ ದಿನ ನಾನು ಮಸ್ಕಿಯಲ್ಲಿದ್ದೆ. ಮನಸ್ಸು ತಡೆಯದೆ ಮುದುಕಿಯನ್ನು ನೋಡಲು ಹೋಗಿದ್ದೆ. ಹಾಸಿಗೆಗೆ ಅಂಟಿಕೊಂಡು ಮಲಗಿದ್ದಳು. ಮಗಳು ಚಮಚೆಯಲ್ಲಿ ಗಂಜಿ ಹಿಡಿದಿದ್ದಳು, ಬಾಯಿ ತೆರೆಯುತ್ತಿರಲಿಲ್ಲ. ಅಷ್ಟರಲ್ಲಿ ದೂರದಿಂದ ಅಳುವ ದನಿ ಕೇಳಿಸಿತು. ನಾಲ್ಕಾರು ಗಂಡಸರ ದನಿ.

ಮುದುಕಿ ಕಣ್ಣು ತೆರೆದಳು. “ಯಾರ ಮನ್ಯಾಗ ಬೇ?”

“ಗೊತ್ತಿಲ್ಲ, ಮಲಕ್ಕೊ,” ಅಂದಳು ಮಗಳು.

“ನನ್ನ ಕರಿಯಾಕ ಯಾರೂ ಬರಲಿಲ್ಲಲ್ಲ!” ಮುದುಕಿಗೆ ಸಿಟ್ಟು ಬಂದಿತ್ತು. “ಹೆಂಗ ಅಳಾಕತ್ತಾರ ನೋಡು, ಒಂದು ದನಿ ಇಲ್ಲ, ಒಂದು ಧಾಟಿ ಇಲ್ಲ.”

ಎಂಟು ಹತ್ತು ದಿನದಿಂದ ಕೂಡದವಳು ಗೋಡೆ ಹಿಡಿದು ಎದ್ದಳು. ನಾನೂ ಮಗಳೂ ಹಿಡಿಯುವುದರೊಳಗೆ ಬಾಗಿಲಿಗೆ ಹೋಗಿ, ಚೌಕಟ್ಟಿಗೆ ಒರಗಿ, ದನಿ ಎತ್ತಿಯೇಬಿಟ್ಟಳು. ಓಣಿ ತಿರುಗಿ ಮಗ ಬಂದ. ಹಿಂದೆ ಸೊಲ್ಲಾಪುರದ ಗೆಳೆಯರು, ಅವರ ಕೈಯಲ್ಲಿ ಹೂವಿನ ಹಾರ, ಹೆಣಕ್ಕೆ ಉಡಿಸಲು ರಾಯಚೂರಿನಲ್ಲಿ ಕೊಂಡ ಹೊಸ ಸೀರೆ. ಮಗನಿಗೆ ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಅಳುತ್ತ ನಿಂತ ಹೆಂಗಸಿನ ಹೆಗಲ ಮೇಲೆ ಬಿದ್ದ.

“ಅಳಬ್ಯಾಡೋ ನನ್ನಪ್ಪಾ,” ಎಂದು ಮುದುಕಿ ಬೆನ್ನು ಸವರಿದಳು. “ಯಾರು ಹೋದ್ರೋ?”

“ನಮ್ಮವ್ವ ಹೋದ್ಲು ಬೇ!” ಅಂದ ಅವನು, ಅವಳ ಕೊರಳು ತಬ್ಬಿಕೊಂಡೇ.

ಆಮೇಲೆ ಮುಖ ಎತ್ತಿ ನೋಡಿದ. ಇಬ್ಬರೂ ಒಟ್ಟಿಗೆ ಕುಸಿದು ಕೂತರು. ಮಗನೇ ಓಡಿ ಹೋಗಿ ತಂಬಿಗೆ ತಂದು ತಾಯಿಯ ಬಾಯಿಗೆ ನೀರು ಬಿಟ್ಟ. ಅವಳು ಗಟಗಟ ಕುಡಿದಳು, ಕುಡಿದು ಚೇತರಿಸಿಕೊಂಡಳು. ಅಂದು ಸಂಜೆ ಮಗನ ಕೈಯಿಂದ ಗಂಜಿ ಉಂಡಳು. ಹೊಸ ಸೀರೆಯನ್ನು ಮುಟ್ಟಿ ನೋಡಿ, “ಸೆರಗು ಚಲೋ ಐತಿ, ನಾ ಎದ್ದ ಮ್ಯಾಲೆ ಉಡ್ತೀನಿ,” ಅಂದಳು. ಅವಳ ಮುಖದಲ್ಲಿ ಅಂಥ ಸುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಎಂಟು ದಿನ ಹೋದದ್ದು ಗೊತ್ತಾಗಲಿಲ್ಲ. ಮಗ ಹೊರಡುವಾಗ ಮತ್ತೆ ಮಸ್ಕಿಗೆ ಹೋಗಿದ್ದ ನಾನು ಹೇಳಿದೆ: “ಸಾಹೇಬಗ ಖರೇ ಹೇಳಿಬಿಡಪಾ. ತಾಯಿ ಇನ್ನೂ ಅದಾಳ ಅಂತ.”

“ಸತ್ತಾಳಂತ ರಜಾ ತಗೊಂಡು ಬಂದು, ಬದುಕ್ಯಾಳ ಅಂದ್ರ ನನ್ನ ಕೆಲಸ ಇರತೈತೇನ್ರಿ?” ಅಂದ.

ಮುದುಕಿ ಹಾಸಿಗೆಯಿಂದಲೇ ತೀರ್ಮಾನ ಕೊಟ್ಟಳು. “ಇರ್ಲಿ ಬಿಡೋ. ಸೊಲ್ಲಾಪುರದಾಗ ಸತ್ತಿರ್ತೀನಿ, ಮಸ್ಕ್ಯಾಗ ಬದುಕಿರ್ತೀನಿ. ನಿಮ್ಮ ಸಾಹೇಬ ಏನು ಇಲ್ಲಿ ತನಕ ನೋಡಾಕ ಬರ್ತಾನೇನು?”

ಮರುತಾರು

ಸಾಹೇಬ ಬರಲಿಲ್ಲ. ಮಗ ಹೋದ ಒಂಬತ್ತನೆಯ ದಿನ ಬೆಳಗಿನ ಜಾವ ಮುದುಕಿ ಹೋದಳು.

ಅಳಿಯ ಮೊದಲನೆಯ ಮೋಟಾರಿಗೇ ಬಂದ. “ಕಡೀಕ ಮಗನ ಹೆಸರು ಹಿಡದು ಬಾಯಿ ತಗದ್ಲುರಿ,” ಅಂದ. “ನನ್ನ ಹೆಂಡ್ತಿ ನೀರು ಬಿಟ್ಲು. ಒಳಗ ಹೋಗಲಿಲ್ಲ, ಗಲ್ಲದ ಮ್ಯಾಲೆ ಹರದು ಬಂತು.”

ಫಾರ್ಮು ತೆಗೆದೆ. ಮಾಸ್ತರರು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು. ಈ ಸಲ ಅವರು ಹೇಳುವ ಅಗತ್ಯವಿರಲಿಲ್ಲ. ಮೊದಲ ಬಾರಿಗೆ ‘ಮದರ್ ಡೆಡ್’ ಎಂದು ಬರೆದೆ.

“ಏನಂತ ಬರದ್ರಿ?” ಅಂದ ಅಳಿಯ.

“ಇದ್ದದ್ದನ್ನ ಬರದೀನಿ.”

ಅವನು ತಲೆಯಾಡಿಸಿದ. “ಹೊಂಟೀನಿ ಅಂತ ಅವನ ಮರುತಾರು ಬಂದ್ರ ನಾಳಿ ಮಧ್ಯಾಹ್ನದ ತನಕ ಮಣ್ಣು ತಡೀತೀವ್ರಿ. ನೀರು ಅಂತೂ ಆಗಲಿಲ್ಲ. ಮಣ್ಣರ ಅವನ ಕೈಲೆ ಬೀಳಲಿ. ಊರಾಗ ಎಲ್ಲಾರೂ ಅಷ್ಟಕ್ಕ ಕುಂತಾರ.” ಹೀಗೆ ಹೇಳಿ, ಚಪ್ಪಲಿ ಕೆಳಗೆ ಬಿಟ್ಟು, ಜಗಲಿಯ ಮೂಲೆಯಲ್ಲಿ ಕೂತ. ನೀರು ಕೊಟ್ಟರೆ ಬೇಡವೆಂದ. ಅಂದು ಬೇರೆ ಯಾರಾದರೂ ತಾರು ಬರೆಸಲು ಬಂದರೋ ಇಲ್ಲವೋ ನನಗೆ ನೆನಪಿಲ್ಲ. ಒಳಗೆ ಕಟಕಟ ಎಂದಾಗಲೆಲ್ಲ ಅವನು ಎದ್ದು ನಿಲ್ಲುತ್ತಿದ್ದ, ನಾನು ಅಲ್ಲವೆಂದು ಕೈ ಮಾಡುತ್ತಿದ್ದೆ, ಅವನು ಕೂಡುತ್ತಿದ್ದ.

ಹೊತ್ತು ಇಳಿಯುವಾಗ ಸೊಲ್ಲಾಪುರದ್ದು ಬಂತು. ಮಾಸ್ತರರು ಬರೆದುಕೊಂಡರು, ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಮುಖ ನೋಡದೆ ಕಾಗದವನ್ನು ಕಿಟಕಿಯಿಂದ ಹೊರಗೆ ಚಾಚಿದರು. ಮಗನದಲ್ಲ, ಗಿರಣಿಯ ಕಚೇರಿಯದು. ಮಗನಿಗೆ ನಮ್ಮ ತಾರನ್ನು ತೋರಿಸಿರಲೂ ಇಲ್ಲ ಎಂಬುದು ಅದರಿಂದಲೇ ತಿಳಿಯುವಂತಿತ್ತು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: “ಈ ಕೆಲಸಗಾರನ ತಾಯಿ ಇದೇ ತಿಂಗಳು ಸತ್ತಿದ್ದಾಳೆ. ರಜೆ ಕೊಟ್ಟಾಗಿದೆ. ಮತ್ತೊಮ್ಮೆ ಸಾಯುವಂತಿಲ್ಲ.”

“ಇಂಗ್ಲಿಷ್ ಸರಿಯಾಗಿಯೇ ಇದೆ,” ಎಂದು ಮಾಸ್ತರರು ಒಳಗಿನಿಂದ ಮೆಲ್ಲಗೆ ಅಂದರು.

ಅಳಿಯ ಬಂದು ಜಗಲಿಯ ಕೆಳಗೆ ನಿಂತಿದ್ದ. “ಏನಂತರೀ? ಹೊಂಟಾನಂತೇನ್ರಿ?”

“ಇಲ್ಲಪಾ. ಅವರು ಒಪ್ಪವಲ್ಲರು.”

“ಏನು ಒಪ್ಪವಲ್ಲರು?”

“ಮುದುಕಿ ಸತ್ತದ್ದನ್ನ.”

ಅವನು ಚೇಷ್ಟೆಯ ಮನುಷ್ಯನಲ್ಲ. ಯಾವ ಸರ್ಕಾರವೇ ಇರಲಿ, ಯಾವ ಸಾಹೇಬನೇ ಇರಲಿ, ದೊಡ್ಡವರು ಒಂದು ಮಾತು ಹೇಳಿದರೆ ಅದರಲ್ಲಿ ಏನೋ ಕಾರಣವಿರುತ್ತದೆ ಎಂದು ನಂಬಿ ಬದುಕಿದವನು. ನನ್ನ ಕೈಯಲ್ಲಿದ್ದ ಕಾಗದವನ್ನು ಸ್ವಲ್ಪ ಹೊತ್ತು ನೋಡಿದ. ಇಳಿಯುವ ಬಿಸಿಲನ್ನು ನೋಡಿದ. ಆಮೇಲೆ ಎರಡೂ ಕೈ ಜೋಡಿಸಿ ಕೇಳಿದ:

“ಹಂಗಾರ ಮಣ್ಣು ಮಾಡೂದೋ ಬ್ಯಾಡೋ, ಅದೊಂದು ಕೇಳಿ ಬಿಡ್ರಲ್ಲ ಮತ್ತ.”